ಅಲ್ ಕಿಬಾರ್‌ನ ಚೌಕ ಕಟ್ಟಡ: ಉಪಗ್ರಹ ಚಿತ್ರಗಳಿಂದ ಪರಮಾಣು ಪರಿಶೀಲನೆ ನಡೆದ ಒಂದು ಪ್ರಕರಣದ ಅಧ್ಯಯನ

2007ರ ಆಗಸ್ಟ್ 10ರಂದು ಡಿಜಿಟಲ್‌ಗ್ಲೋಬ್ ಕಂಪನಿಯ ಉಪಗ್ರಹವು ಪೂರ್ವ ಸಿರಿಯಾದ ಮೇಲೆ ಹಾದುಹೋಗುವಾಗ ತೆಗೆದ ಚಿತ್ರವೊಂದರಲ್ಲಿ, ಯೂಫ್ರೆಟಿಸ್ ನದಿಯ ಪೂರ್ವ ದಡದಿಂದ ಸುಮಾರು 800 ಮೀಟರ್ ಒಳಗೆ, ಅಲ್ ಕಿಬಾರ್ ಎಂಬಲ್ಲಿ, ಬೋಳು ಗುಡ್ಡಗಳ ನಡುವಿನ ಒಣಹಳ್ಳದಲ್ಲಿ, ಎತ್ತರದ ಚೌಕ ಕಟ್ಟಡವೊಂದು ಕಾಣುತ್ತದೆ. ಅದರ ಒಂದೊಂದು ಬದಿಯೂ 45 ಮೀಟರಿನ ಆಸುಪಾಸಿನಲ್ಲಿದೆ. ಚಾವಣಿ ಸಪಾಟಾಗಿದೆ. ಚಿಮಣಿ ಇಲ್ಲ, ಕೂಲಿಂಗ್ ಟವರ್ ಇಲ್ಲ, ಎದ್ದು ಕಾಣುವ ಬೇಲಿಯಾಗಲಿ ಕಾವಲು ಗೋಪುರವಾಗಲಿ ಇಲ್ಲ. ನದಿಯ ಅಂಚಿನಲ್ಲಿ ಒಂದು ಪಂಪ್ ಹೌಸ್ ಇದೆ. ಅದರ ಪಕ್ಕದಲ್ಲಿ ಲಾರಿಯೊಂದು ನಿಂತಿದೆ. ಇಷ್ಟೇ ಚಿತ್ರ. ಇಪ್ಪತ್ತೇಳು ದಿನಗಳ ನಂತರ, ಸೆಪ್ಟೆಂಬರ್ 6ರಂದು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಇಸ್ರೇಲಿನ ಯುದ್ಧವಿಮಾನಗಳು ಆ ಕಟ್ಟಡವನ್ನು ಬಾಂಬ್ ಹಾಕಿ ಒಡೆದವು. ಒಡೆದದ್ದು ಏನನ್ನು ಎಂದು ಇಸ್ರೇಲ್ ಹೇಳಲಿಲ್ಲ. ದಾಳಿಯನ್ನು ಅದು ಅಧಿಕೃತವಾಗಿ ಒಪ್ಪಿಕೊಂಡದ್ದು 2018ರ ಮಾರ್ಚ್‌ನಲ್ಲಿ. ಸಿರಿಯಾ ಕೂಡ ಒಡೆದುಹೋದದ್ದು ಏನೆಂದು ಬಿಡಿಸಿ ಹೇಳಲಿಲ್ಲ.

ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, ‘ದೈರ್ ಅಲ್‌ಜೋರ್ ನಿವೇಶನ’ ಎಂದು ಕರೆಯುವ ಈ ಜಾಗದ ಪ್ರಕರಣವನ್ನು ಉಪಗ್ರಹ ಚಿತ್ರ ವಿಶ್ಲೇಷಣೆಯನ್ನು ಕಲಿಯುವವರು ಮತ್ತೆ ಮತ್ತೆ ಓದಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ಇಲ್ಲಿ ಕಟ್ಟಡಕ್ಕೆ ವೇಷ ಹಾಕಲಾಗಿತ್ತು, ಆಮೇಲೆ ಕಟ್ಟಡವನ್ನೇ ಇಲ್ಲವಾಗಿಸಲಾಯಿತು, ಅದು ನಿಂತಿದ್ದ ಜಾಗದ ಮೇಲೆ ಇನ್ನೊಂದು ಕಟ್ಟಡ ಎದ್ದಿತು. ಆದರೂ ಅದು ಪರಮಾಣು ರಿಯಾಕ್ಟರೇ ಆಗಿದ್ದ ಸಾಧ್ಯತೆ ಬಹಳ ಹೆಚ್ಚು ಎಂಬ ತೀರ್ಮಾನಕ್ಕೆ ಬರಲು ನಾಲ್ಕು ವರ್ಷಗಳ ಕೊನೆಗೆ ಐಎಇಎಗೆ ಸಾಧ್ಯವಾಯಿತು. ಅದಕ್ಕೆ ಮುಖ್ಯ ಆಧಾರಗಳಲ್ಲೊಂದು ಕಟ್ಟಡದ ಆಕಾರವಾಗಿರದೆ ಅದಕ್ಕೆ ಬೇಕಾಗಿದ್ದ ನೀರಾಗಿತ್ತು. ಗೋಡೆಯ ಮೇಲೆ ಗೋಡೆ ಕಟ್ಟಿ ಆಕಾರವನ್ನು ಮರೆಮಾಚಬಹುದು. ಹಲವು ಮೆಗಾವಾಟ್ ಶಾಖವನ್ನು ಹೊರಹಾಕಬೇಕಾದ ಯಂತ್ರದ ಅಗತ್ಯವನ್ನು ಮರೆಮಾಚುವುದು ಬಹಳ ಕಷ್ಟ.

ಪರಿಶೀಲನೆ ಎಂದರೆ ಯಾವುದು

ಸಿರಿಯಾ 1969ರಿಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಸದಸ್ಯ ರಾಷ್ಟ್ರ. ಐಎಇಎ ಜೊತೆಗಿನ ಅದರ ಸಮಗ್ರ ಸೇಫ್‌ಗಾರ್ಡ್ಸ್ ಒಪ್ಪಂದ, ಅಂದರೆ ಪರಮಾಣು ವಸ್ತುಗಳು ಅಸ್ತ್ರಕ್ಕೆ ಬಳಕೆಯಾಗದಂತೆ ತಪಾಸಣೆಗೆ ಒಳಪಡುವ ಒಪ್ಪಂದ, 1992ರಲ್ಲಿ ಜಾರಿಗೆ ಬಂತು. ಇದರ ಪ್ರಕಾರ ದೇಶದೊಳಗಿನ ಎಲ್ಲ ಪರಮಾಣು ವಸ್ತುಗಳನ್ನೂ ಸ್ಥಾವರಗಳನ್ನೂ ಘೋಷಿಸಬೇಕು. ಹೊಸ ಸ್ಥಾವರವನ್ನು ಕಟ್ಟುವ ನಿರ್ಧಾರ ಆದ ಕೂಡಲೇ ಅದರ ವಿನ್ಯಾಸದ ವಿವರ ಕೊಡಬೇಕು. ಸಂಸ್ಥೆಯ ವಿಶ್ಲೇಷಕರ ಕೆಲಸ ಈ ಘೋಷಣೆಯಿಂದಲೇ ಶುರುವಾಗುತ್ತದೆ. ಘೋಷಿಸಿದ ನಿವೇಶನದ ನಕ್ಷೆಗೂ ಮೇಲಿನಿಂದ ಕಾಣುವ ಕಟ್ಟಡಗಳಿಗೂ ತಾಳೆಯಾಗುತ್ತದೆಯೇ, ನಕ್ಷೆಯಲ್ಲಿಲ್ಲದ ಶೆಡ್ಡು ಎದ್ದಿದೆಯೇ, ತಪಾಸಣಾಧಿಕಾರಿಗಳು ಹೋದಾಗ ಯಾವ ಕಟ್ಟಡದ ಬಾಗಿಲು ತೆರೆಸಬೇಕು ಎಂಬುದನ್ನೆಲ್ಲ ಅವರು ಹೇಳಬೇಕು. ದಿನನಿತ್ಯದ ಕೆಲಸದ ಬಹುಪಾಲು ಇಂಥದ್ದೇ, ಮತ್ತು ಅದರಲ್ಲಿ ಸಂಶಯಾಸ್ಪದವಾದದ್ದು ಸಿಗುವುದು ಅಪರೂಪ. ಘೋಷಿಸದೇ ಇರುವುದನ್ನು ಹುಡುಕುವ ಕೆಲಸ ಇದರ ಇನ್ನೊಂದು ಮುಖ; ಅಲ್ ಕಿಬಾರ್ ಆ ಬಗೆಗೆ ಸೇರಿದ್ದು.

ಈ ಕೆಲಸಕ್ಕೆ ಉಪಗ್ರಹ ಚಿತ್ರ ಬಳಕೆಗೆ ಬಂದದ್ದು ತೀರಾ ಹಳೆಯ ಸಂಗತಿಯಲ್ಲ. 1993ರ ಫೆಬ್ರುವರಿಯಲ್ಲಿ ಉತ್ತರ ಕೊರಿಯಾದ ಯೋಂಗ್‌ಬ್ಯೋನ್‌ನ ತ್ಯಾಜ್ಯ ಸಂಗ್ರಹದ ಜಾಗಗಳ ಚಿತ್ರಗಳನ್ನು ಐಎಇಎ ಆಡಳಿತ ಮಂಡಳಿಯ ಮುಂದೆ ಇಟ್ಟಾಗ ಅವು ಅಮೆರಿಕದ ಬೇಹುಗಾರಿಕಾ ಉಪಗ್ರಹಗಳಿಂದ ಬಂದಿದ್ದವು. ಸಂಸ್ಥೆಗೆ ಸ್ವಂತ ಮೂಲವಿರಲಿಲ್ಲ. 1999ರ ಸೆಪ್ಟೆಂಬರಿನಲ್ಲಿ ಒಂದು ಮೀಟರ್ ಸ್ಪಷ್ಟತೆಯ ಇಕೊನೋಸ್ ಉಪಗ್ರಹ ಕಕ್ಷೆ ಸೇರಿದ ಮೇಲೆ ಹಣ ಕೊಟ್ಟರೆ ಯಾರಿಗೆ ಬೇಕಾದರೂ ಇಂಥ ಚಿತ್ರ ದೊರೆಯುವ ಕಾಲ ಬಂತು. ಸಂಸ್ಥೆ ತನ್ನದೇ ವಿಶ್ಲೇಷಕರ ಘಟಕವನ್ನು ಕಟ್ಟಿಕೊಂಡಿತು. ಸರ್ಕಾರಗಳ ಹೊರಗಿನ ಸಂಶೋಧಕರೂ ಇದೇ ಕೆಲಸಕ್ಕೆ ಇಳಿದರು.

ಕನ್ನಡದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮೈಸೂರಿನ ಹೊರವಲಯದ ರತ್ನಹಳ್ಳಿಯಲ್ಲಿರುವ ಅಣುಶಕ್ತಿ ಇಲಾಖೆಯ ಸಂಕೀರ್ಣದ ಬಗ್ಗೆಯೂ 2010ರ ದಶಕದಲ್ಲಿ ಹೊರದೇಶದ ಸಂಶೋಧನಾ ಸಂಸ್ಥೆಗಳು ಉಪಗ್ರಹ ಚಿತ್ರಗಳನ್ನು ಆಧರಿಸಿದ ವರದಿಗಳನ್ನು ಪ್ರಕಟಿಸಿದವು. ಬಳಸಿದ ವಿಧಾನ ಒಂದೇ ಆದರೂ ಅದನ್ನು ಪರಿಶೀಲನೆ ಎನ್ನಲಾಗದು. ಭಾರತ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆ ಸಂಕೀರ್ಣ ಸೇಫ್‌ಗಾರ್ಡ್ಸ್ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಚಿತ್ರವನ್ನು ತಾಳೆ ನೋಡಲು ಘೋಷಣೆ ಎಂಬುದೇ ಇಲ್ಲ. ಸಿರಿಯಾದ ಪ್ರಕರಣದಲ್ಲಿ ಒಂದು ಲಿಖಿತ ವಚನವಿತ್ತು, ಆ ವಚನ ಪಾಲನೆಯಾಗಿದೆಯೇ ಎಂಬುದೇ ಪ್ರಶ್ನೆಯಾಗಿತ್ತು.

ಹುಡುಕಾಟ

ದಾಳಿಯ ನಂತರದ ವಾರಗಳಲ್ಲಿ ಪತ್ರಿಕೆಗಳಲ್ಲಿ ಬಂದದ್ದು ಚೂರುಪಾರು ಸುದ್ದಿ: ದೈರ್ ಅಲ್‌ಜೋರ್ ಪ್ರಾಂತ್ಯ, ಯೂಫ್ರೆಟಿಸ್ ದಡ, ಉತ್ತರ ಕೊರಿಯಾದ ನಂಟು. ವಾಷಿಂಗ್ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಸೈನ್ಸ್ ಅಂಡ್ ಇಂಟರ್‌ನ್ಯಾಷನಲ್ ಸೆಕ್ಯುರಿಟಿಯ ಡೇವಿಡ್ ಆಲ್‌ಬ್ರೈಟ್ ಮತ್ತು ಪಾಲ್ ಬ್ರಾನನ್ ಅವರು ನದಿಯ ಉದ್ದಕ್ಕೂ ವಾಣಿಜ್ಯ ಚಿತ್ರಗಳನ್ನು ಜಾಲಾಡಿ, ಆಗಸ್ಟ್ 10ರ ಚಿತ್ರದಲ್ಲಿ ಈ ಚೌಕ ಕಟ್ಟಡವನ್ನು ಗುರುತಿಸಿ, ಅಕ್ಟೋಬರ್ 23ರಂದು ವರದಿ ಹೊರತಂದರು. ಆ ವರದಿಯ ಶೀರ್ಷಿಕೆ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಕೊನೆಗೊಳ್ಳುತ್ತದೆ. ಒಳಗಡೆ ಇದು ರಿಯಾಕ್ಟರ್ ಇರಬಹುದು, ಪಂಪ್ ಹೌಸ್ ಅದಕ್ಕೆ ತಂಪು ನೀರು ಒದಗಿಸಲು ಇದ್ದಿರಬಹುದು ಎಂದಿದೆಯೇ ಹೊರತು ಹೌದು ಎಂದಿಲ್ಲ. ಆ ಸಂಯಮವನ್ನು ನಾನು ತುಂಬಾ ಗೌರವಿಸುತ್ತೇನೆ. ಪತ್ರಿಕೆಗಳು ಕಾದು ಕುಳಿತಿರುವಾಗ, ಉತ್ತರ ಸರಿಯೇ ಇರಬಹುದೆಂದು ಮನಸ್ಸು ಹೇಳುತ್ತಿರುವಾಗ ಆ ಚಿಹ್ನೆಯನ್ನು ಉಳಿಸಿಕೊಳ್ಳುವುದು ಸುಲಭವಲ್ಲ.

ನದಿದಡವನ್ನು ಹುಡುಕಿದ್ದರ ಹಿಂದಿನ ತರ್ಕವನ್ನು ಗಮನಿಸಬೇಕು. ಯೋಂಗ್‌ಬ್ಯೋನ್‌ನಲ್ಲಿರುವ 5 ಮೆಗಾವಾಟ್ ವಿದ್ಯುತ್ ಸಾಮರ್ಥ್ಯದ ರಿಯಾಕ್ಟರು ಗ್ರಾಫೈಟ್ ಬಳಸುವ, ಅನಿಲದಿಂದ ತಂಪಾಗುವ, ಸಹಜ ಯುರೇನಿಯಂ ಉರಿಸುವ ಬಗೆಯದು. ಬ್ರಿಟನ್ನಿನ ಕಾಲ್ಡರ್ ಹಾಲ್ ರಿಯಾಕ್ಟರಿನ ಮಾದರಿಯಿಂದ ಬಂದದ್ದು. ಯುರೇನಿಯಂ ಸಂವರ್ಧನೆ (ಯುರೇನಿಯಂ-235ರ ಪಾಲನ್ನು ಹೆಚ್ಚಿಸುವ ಕೆಲಸ) ಬೇಡದೆಯೇ ಅಣ್ವಸ್ತ್ರಕ್ಕೆ ಒದಗುವ ಪ್ಲುಟೋನಿಯಂ ಕೊಡುವ ಕಾರಣಕ್ಕೆ ಗುಟ್ಟಾಗಿ ಅಸ್ತ್ರದ ದಾರಿ ಹಿಡಿಯುವವರಿಗೆ ಅದು ಅನುಕೂಲದ ವಿನ್ಯಾಸ. ಅದರ ಶಾಖಸಾಮರ್ಥ್ಯ ಸುಮಾರು 25 ಮೆಗಾವಾಟ್. ಒಳಗಡೆ ಸುತ್ತುವ ಅನಿಲ ಆ ಶಾಖವನ್ನು ಕೊನೆಗೆ ನೀರಿಗೇ ಒಪ್ಪಿಸಬೇಕು. ಯೋಂಗ್‌ಬ್ಯೋನ್‌ನಲ್ಲಿ ಅದಕ್ಕೊಂದು ಕೂಲಿಂಗ್ ಟವರ್ ಇತ್ತು, ಹಬೆ ಏಳುವುದು ಆಕಾಶದಿಂದ ಕಾಣುತ್ತಿತ್ತು. ಟವರ್ ಬೇಡವೆಂದರೆ ವರ್ಷವಿಡೀ ಹರಿಯುವ ನದಿ ಹತ್ತಿರದಲ್ಲೇ ಇರಬೇಕು. ಮರುಭೂಮಿಯ ಆ ಸೀಮೆಯಲ್ಲಿ ಅಂಥ ನದಿ ಯೂಫ್ರೆಟಿಸ್ ಒಂದೇ.

ನೆರಳು ಮತ್ತು ನೀರು

ಚಿತ್ರದಿಂದ ಕಟ್ಟಡದ ಎತ್ತರ ಅಳೆಯುವುದು ಹೇಗೆಂಬುದನ್ನು ಇಲ್ಲಿ ತುಸು ವಿವರವಾಗಿ ಹೇಳುವುದು ಉಚಿತ, ಏಕೆಂದರೆ ಈ ವೃತ್ತಿಯ ಎಚ್ಚರವೆಲ್ಲ ಇಂಥ ಸಣ್ಣ ಲೆಕ್ಕಗಳಲ್ಲಿದೆ. ಚಿತ್ರ ತೆಗೆದ ದಿನ ಮತ್ತು ಹೊತ್ತು ಗೊತ್ತಿದ್ದರೆ ಸೂರ್ಯ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದ್ದನೆಂದು ತಿಳಿಯುತ್ತದೆ. ನೆರಳಿನ ಉದ್ದವನ್ನು ಆ ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಎತ್ತರ ಬರುತ್ತದೆ. ಯೂಫ್ರೆಟಿಸ್‌ನ ಆ ಅಕ್ಷಾಂಶದಲ್ಲಿ ಆಗಸ್ಟ್ ಎರಡನೇ ವಾರದ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಸೂರ್ಯ ಸುಮಾರು 60 ಡಿಗ್ರಿ ಏರಿರುತ್ತಾನೆ. 20 ಮೀಟರ್ ಎತ್ತರದ ಕಟ್ಟಡವೊಂದನ್ನು ಊಹಿಸಿಕೊಂಡರೆ ಅದರ ನೆರಳು 11.5 ಮೀಟರ್ ಬೀಳುತ್ತದೆ. ಆಗಿನ ಒಳ್ಳೆಯ ವಾಣಿಜ್ಯ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 60 ಸೆಂಟಿಮೀಟರ್. ಹಾಗಾಗಿ ನೆರಳು 19 ಪಿಕ್ಸೆಲ್ ಉದ್ದವಿರುತ್ತದೆ, ಅಂಚನ್ನು ಗುರುತಿಸುವಾಗ ಒಂದು ಪಿಕ್ಸೆಲ್ ಆಚೀಚೆಯಾದರೆ ಎತ್ತರದಲ್ಲಿ ಒಂದು ಮೀಟರಿಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ಅದೇ ಕಟ್ಟಡದ ಡಿಸೆಂಬರ್ ಚಿತ್ರದಲ್ಲಿ ಸೂರ್ಯ 27 ಡಿಗ್ರಿಯಷ್ಟು ಕೆಳಗಿದ್ದು, ನೆರಳು 39 ಮೀಟರ್ ಚಾಚಿ 65 ಪಿಕ್ಸೆಲ್ ಆಗುತ್ತದೆ. ಒಂದು ಪಿಕ್ಸೆಲ್ ತಪ್ಪಿನ ಬೆಲೆ ಆಗ 30 ಸೆಂಟಿಮೀಟರ್ ಮಾತ್ರ. ಆದ್ದರಿಂದ ಎತ್ತರ ಬೇಕಾದವರು ಚಳಿಗಾಲದ ಚಿತ್ರವನ್ನು ಹುಡುಕುತ್ತಾರೆ. ಅಷ್ಟಾದರೂ ಈ ಲೆಕ್ಕ ನಿಲ್ಲುವುದು ನೆರಳು ಬೀಳುವ ನೆಲ ಸಮತಟ್ಟಾಗಿದ್ದರೆ. ಒಣಹಳ್ಳದ ಇಳಿಜಾರಿನಲ್ಲಿ ನೆರಳು ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಕಟ್ಟಡದ ಒಂದು ಭಾಗ ನೆಲದೊಳಗಿದ್ದರಂತೂ ನೆರಳು ಅದರ ಬಗ್ಗೆ ಏನನ್ನೂ ಹೇಳದು. ಅಲ್ ಕಿಬಾರ್‌ನಲ್ಲಿ ಹಾಗೆಯೇ ಇತ್ತೆಂದು ಮುಂದೆ ತಿಳಿದುಬಂತು.

ಹೀಗಾಗಿ ಅಳತೆಗಳು ಯೋಂಗ್‌ಬ್ಯೋನ್ ಕಟ್ಟಡದ ಅಳತೆಗೆ ಹತ್ತಿರವಿವೆ ಎಂಬುದು ಕುತೂಹಲ ಕೆರಳಿಸುವ ಮಾತೇ ಹೊರತು ಸಾಕ್ಷ್ಯವೆನ್ನಿಸದು. ಅಷ್ಟೇ ದೊಡ್ಡ ಚೌಕ ಕಟ್ಟಡಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಊರಾಚೆಯ ಅಕ್ಕಿ ಗಿರಣಿಯನ್ನು ನಾವು ಅದರ ಗೋಡೆ ನೋಡಿ ಗುರುತಿಸುವುದಿಲ್ಲ, ಹಿಂದೆ ಬಿದ್ದಿರುವ ಹೊಟ್ಟಿನ ರಾಶಿ ನೋಡಿ ಗುರುತಿಸುತ್ತೇವೆ. ಪರಮಾಣು ಸ್ಥಾವರದ ಚಿತ್ರ ನೋಡುವವನೂ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಹುಡುಕಬೇಕು. ಇಲ್ಲಿ ಹಾಗೆ ಹುಡುಕಿದಾಗ ಸಿಕ್ಕಿದ್ದು ನೀರು.

ಲೆಕ್ಕ ಸರಳವಾಗಿದೆ. 25 ಮೆಗಾವಾಟ್ ಶಾಖವನ್ನು ನೀರಿಗೆ ಕೊಟ್ಟು, ಆ ನೀರು ಹತ್ತು ಡಿಗ್ರಿಗಿಂತ ಹೆಚ್ಚು ಬಿಸಿಯಾಗದಂತೆ ನೋಡಿಕೊಳ್ಳಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು 600 ಲೀಟರ್ ಹರಿಯಬೇಕು. ಗಂಟೆಗೆ 20 ಲಕ್ಷ ಲೀಟರಿಗೂ ಹೆಚ್ಚು. ಅಷ್ಟು ನೀರನ್ನು ಎತ್ತುವ ಪಂಪ್ ಹೌಸು ಚಿಕ್ಕದಾಗಿರಲು ಸಾಧ್ಯವಿಲ್ಲ, ಕೊಳವೆ ತೆಳ್ಳಗಿರಲು ಸಾಧ್ಯವಿಲ್ಲ, ಬಿಸಿಯಾದ ನೀರು ನದಿಗೆ ಮರಳಲು ಇನ್ನೊಂದು ದಾರಿ ಬೇಕು. ಈಗ ಎದುರು ಊಹೆಗಳನ್ನು ಒಂದೊಂದಾಗಿ ತೂಗಿ ನೋಡೋಣ. ಪಂಪ್ ಹೌಸು ನೀರಾವರಿಗೆ ಎಂದರೆ, ಕೊಳವೆ ಹೋಗುವ ಆ ಒಣಹಳ್ಳದಲ್ಲಿ ಉತ್ತ ಹೊಲವಿಲ್ಲ. ಹೊಲಕ್ಕೆ ಹಾಯಿಸಿದ ನೀರು ಕೊಳವೆಯಲ್ಲಿ ನದಿಗೆ ಮರಳಬೇಕಾದ ಪ್ರಮೇಯವೂ ಇಲ್ಲ. ಉಗ್ರಾಣವಾಗಿದ್ದರೆ ಅಷ್ಟು ನೀರು ಬೇಡ. ಕ್ಷಿಪಣಿಗೆ ಸಂಬಂಧಿಸಿದ ಕಟ್ಟಡವಾಗಿದ್ದರೂ ಬೇಡ. ವಿದ್ಯುತ್ ಸ್ಥಾವರವಾಗಿದ್ದರೆ ನೀರು ಬೇಕು, ಆದರೆ ಇಂಧನ ತರುವ ಕೊಳವೆ ಅಥವಾ ರೈಲುದಾರಿ, ಹೊಗೆ ಹೋಗುವ ಚಿಮಣಿ, ವಿದ್ಯುತ್ ಸಾಗಿಸುವ ಗೋಪುರಗಳ ಸಾಲು ಇರಬೇಕಾಗಿತ್ತು. ಅವು ಯಾವುವೂ ಇರಲಿಲ್ಲ. ಹೀಗೆ ಒಂದೊಂದು ಊಹೆಯೂ ಬಿದ್ದುಹೋದ ಮೇಲೆ ಉಳಿದದ್ದು ಸರಿಯೇ ಎಂದು ಚಿತ್ರವೊಂದೇ ಸಾರುವುದಿಲ್ಲ. ನೆಲದ ಮೇಲೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಮಾತ್ರ ಅದು ಹೇಳಿಕೊಡುತ್ತದೆ.

ಮುಸುಕು

ಅಕ್ಟೋಬರ್ 24ರಂದು ತೆಗೆದ ಚಿತ್ರ ಬಂದಾಗ ಚೌಕ ಕಟ್ಟಡ ಅಲ್ಲಿರಲಿಲ್ಲ. ಬಾಂಬ್ ಬಿದ್ದ ಕಟ್ಟಡದ ಅವಶೇಷ ಕಾಣಬೇಕಾಗಿದ್ದ ಕಡೆ ಗುಡಿಸಿ ಸಮತಟ್ಟು ಮಾಡಿದ ನೆಲ ಕಾಣುತ್ತಿತ್ತು. ಉಳಿದಿದ್ದ ಗೋಡೆಗಳನ್ನು ಸಿರಿಯಾ ಅಕ್ಟೋಬರ್ 10ರಂದು ತಾನೇ ಸ್ಫೋಟಿಸಿ ಕೆಡವಿತ್ತೆಂದು ಅಮೆರಿಕ ಆಮೇಲೆ ಹೇಳಿತು. ಒಡೆದ ಕಟ್ಟಡವನ್ನು ಇಷ್ಟು ಅವಸರದಲ್ಲಿ ಕಣ್ಮರೆ ಮಾಡುವುದು ಸಹಜ ನಡವಳಿಕೆಯಲ್ಲ ಎಂಬ ಮಾತು ನಿಜವಾದರೂ, ಅವಸರ ತಪ್ಪಿತಸ್ಥ ಮನಸ್ಸನ್ನು ತೋರಿಸೀತೇ ಹೊರತು ಅಲ್ಲಿದ್ದದ್ದು ರಿಯಾಕ್ಟರೇ ಎಂಬುದನ್ನು ತೋರಿಸದು. ಯಾವ ದೇಶವಾದರೂ ತನ್ನ ಸೇನೆಯ ಗುಟ್ಟನ್ನು ಶತ್ರುವಿನ ಕಣ್ಣಿಗೆ ಬೀಳದಂತೆ ಮುಚ್ಚಲು ಹೀಗೆಯೇ ಮಾಡಬಹುದು.

ಅದೇ ವಾರ ಜಿಯೋಐ ಕಂಪನಿ ತನ್ನ ಸಂಗ್ರಹದಿಂದ 2003ರ ಸೆಪ್ಟೆಂಬರಿನ ಚಿತ್ರವೊಂದನ್ನು ಹೊರಗಿಟ್ಟಿತು. ಕಟ್ಟಡ ಆಗಲೇ ಎದ್ದುನಿಂತಿತ್ತು. ನಾಲ್ಕು ವರ್ಷ ಆ ಚಿತ್ರ ಸಂಗ್ರಹದಲ್ಲಿತ್ತು ಎಂದು ಕೇಳಿದವರು ವಿಶ್ಲೇಷಕರ ಮೇಲೆ ಬೇಸರಪಡುವುದುಂಟು. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. 2003ರಲ್ಲಿ ಆ ಚಿತ್ರವನ್ನು ಯಾರಾದರೂ ನೋಡಿದ್ದರೂ ಅವರ ಕಣ್ಣಿಗೆ ಬೀಳುತ್ತಿದ್ದುದು ಮರುಭೂಮಿಯಲ್ಲಿ ಕಟ್ಟುತ್ತಿರುವ ಇನ್ನೊಂದು ಕಾಂಕ್ರೀಟ್ ಕಟ್ಟಡವಷ್ಟೇ. ಹಳೆಯ ಚಿತ್ರದ ಬೆಲೆ ಬೇರೆ ಕಡೆ ಇದೆ: ಹೊರಗೋಡೆ ಮುಚ್ಚುವ ಮೊದಲಿನ ಅಸ್ಥಿಪಂಜರವನ್ನು ಅದು ಕಾಪಿಟ್ಟಿರುತ್ತದೆ, ಮತ್ತು ಆಮೇಲೆ ಯಾರು ಏನು ಹೇಳಿಕೊಂಡರೂ ಅದನ್ನು ತಿದ್ದಲಾಗದು.

2008ರ ಏಪ್ರಿಲ್ 24ರಂದು ಅಮೆರಿಕದ ಬೇಹುಗಾರಿಕಾ ಇಲಾಖೆ ಕಟ್ಟಡದ ಒಳಗಿನ ಮತ್ತು ಹತ್ತಿರದ ಫೋಟೋಗಳನ್ನು ಬಹಿರಂಗಪಡಿಸಿದಾಗ ವೇಷದ ವಿಚಾರ ಬಯಲಾಯಿತು. ಮೊದಲ ಹಂತದಲ್ಲಿ ಕಟ್ಟಡಕ್ಕೆ ಯೋಂಗ್‌ಬ್ಯೋನ್‌ನ ಕಟ್ಟಡವನ್ನು ಹೋಲುವ ಮೆಟ್ಟಿಲು ಮೆಟ್ಟಿಲಾದ ಮೈಕಟ್ಟಿತ್ತು. ಆಮೇಲೆ ಅದರ ಸುತ್ತ ತೆಳುಗೋಡೆ ಎಬ್ಬಿಸಿ, ಮೇಲೊಂದು ಸುಳ್ಳು ಚಾವಣಿ ಹಾಕಿ, ಬರಿಯ ಚೌಕ ಪೆಟ್ಟಿಗೆಯಂತೆ ಮಾಡಲಾಗಿತ್ತು. ಆಲ್‌ಬ್ರೈಟ್ ಮತ್ತು ಬ್ರಾನನ್ ಅದೇ ವರ್ಷದ ಮೇ ತಿಂಗಳಲ್ಲಿ ಬರೆದ ಇನ್ನೊಂದು ವರದಿಯಲ್ಲಿ ವಿದ್ಯುತ್ ತಂತಿಗಳನ್ನೂ ನೀರಿನ ತೊಟ್ಟಿಯನ್ನೂ ನೆಲದಡಿಗೆ ಹಾಕಲಾಗಿದ್ದ ಬಗ್ಗೆ ವಿವರಿಸಿದರು. ಆಗಸ್ಟ್ 10ರ ಚಿತ್ರದಲ್ಲಿ ‘ಇಲ್ಲ’ ಎಂದು ನಾವು ಪಟ್ಟಿ ಮಾಡಿದ ಹಲವು ಸಂಗತಿಗಳು ಹೀಗೆ ಬೇಕೆಂದೇ ಇಲ್ಲವಾಗಿಸಿದವು. ಬೇಲಿ ಹಾಕದಿರುವುದು, ಕಾವಲಿಲ್ಲದಂತೆ ತೋರಿಸುವುದು ಕೂಡ ಆ ಯೋಜನೆಯ ಭಾಗವೇ. ಚಿತ್ರದಲ್ಲಿ ಕಾಣದ ಸಂಗತಿಯಿಂದ ತೀರ್ಮಾನಕ್ಕೆ ಹಾರುವವರಿಗೆ ಇದಕ್ಕಿಂತ ಕಠಿಣ ಪಾಠ ಸಿಗಲಾರದು. ಬೇಲಿ ಇಲ್ಲದ್ದನ್ನೇ ನೆಚ್ಚಿ ಇದು ಮುಖ್ಯವಾದ ನಿವೇಶನವಲ್ಲ ಎಂದು ಬರೆದಿದ್ದರೆ ಆ ವಾಕ್ಯ ಅಂದಿನ ಮಟ್ಟಿಗೆ ಸಮಂಜಸವಾಗಿಯೇ ಕಾಣುತ್ತಿತ್ತು. ಪಂಪ್ ಹೌಸನ್ನು ಮಾತ್ರ ಮುಚ್ಚಲಾಗಲಿಲ್ಲ, ಏಕೆಂದರೆ ಅದು ನದಿಯ ಅಂಚಿನಲ್ಲೇ ಇರಬೇಕಾಗಿತ್ತು.

ಅಮೆರಿಕದ ಆ ದಿನದ ಹೇಳಿಕೆಯಲ್ಲಿ ಮೆಚ್ಚಬೇಕಾದ ಒಂದು ಅಂಶವಿದೆ. ಅಲ್ಲಿದ್ದದ್ದು ರಿಯಾಕ್ಟರ್ ಎಂಬುದರ ಬಗ್ಗೆ ಅವರ ವಿಶ್ವಾಸ ಹೆಚ್ಚು ಎಂದೂ, ಅದು ಅಸ್ತ್ರ ಯೋಜನೆಯ ಭಾಗವೆಂಬುದರ ಬಗ್ಗೆ ವಿಶ್ವಾಸ ಕಡಿಮೆ ಎಂದೂ ಅವರು ಬೇರೆ ಬೇರೆಯಾಗಿ ಹೇಳಿದರು. ಉರಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಘಟಕ ಸಿರಿಯಾದಲ್ಲಿ ಕಂಡುಬಂದಿರಲಿಲ್ಲ ಎಂಬುದು ಅದಕ್ಕೆ ಕಾರಣ. ಒಂದೇ ಚಿತ್ರದ ಬಗ್ಗೆ ಎರಡು ಮಟ್ಟದ ವಿಶ್ವಾಸವನ್ನು ಬೆರೆಸದೆ ಹೇಳುವುದು ಈ ಕೆಲಸದ ಜೀವಾಳ.

ತಪಾಸಣೆ ನೆಲಕ್ಕಿಳಿದಾಗ

ಐಎಇಎಯ ಕೈಗೆ ಮಾಹಿತಿ ಬಂದದ್ದು ಕಟ್ಟಡ ನೆಲಸಮವಾಗಿ ತಿಂಗಳುಗಳಾದ ಮೇಲೆ. ಮಹಾನಿರ್ದೇಶಕರಾಗಿದ್ದ ಮೊಹಮ್ಮದ್ ಎಲ್‌ಬರಾಡೆ ಅವರು ಮೊದಲು ಬಾಂಬ್ ಹಾಕಿ ಆಮೇಲೆ ಪ್ರಶ್ನೆ ಕೇಳುವ ಈ ಕ್ರಮವನ್ನು ಕಟುವಾಗಿ ಟೀಕಿಸಿದರು. ದಾಳಿಗೂ ಅವಶೇಷಗಳ ತೆರವಿಗೂ ನಡುವಿನ ವಾರಗಳ ಚಿತ್ರಗಳು ಸಂಸ್ಥೆಗೆ ದೊರೆಯದಿದ್ದ ಬಗ್ಗೆಯೂ ಬಹಿರಂಗವಾಗಿ ವಿಷಾದ ಸೂಚಿಸಿದರು. ಆ ವಿಷಾದ ಎಷ್ಟು ನ್ಯಾಯವಾದದ್ದೆಂದು ಈ ಕೆಲಸ ಬಲ್ಲವರಿಗೆ ಗೊತ್ತು. ಚಾವಣಿ ಹಾರಿಹೋಗಿ ಒಳಗಿನ ರಚನೆ ಆಕಾಶಕ್ಕೆ ತೆರೆದುಕೊಂಡಿದ್ದ ಕೆಲವೇ ವಾರಗಳು ಅವು. ವಿಶ್ಲೇಷಕನಿಗೆ ಇಡೀ ಪ್ರಕರಣದಲ್ಲಿ ಅದಕ್ಕಿಂತ ಮುಖ್ಯವಾದ ಹೊತ್ತು ಇನ್ನೊಂದಿರಲಿಲ್ಲ.

ಐಎಇಎಯ ಉಪ ಮಹಾನಿರ್ದೇಶಕರಾಗಿದ್ದ ಒಲ್ಲಿ ಹೈನೊನೆನ್ ಅವರ ನೇತೃತ್ವದ ತಂಡ 2008ರ ಜೂನ್ 23ರಂದು ನಿವೇಶನಕ್ಕೆ ಹೋಯಿತು. ಅಷ್ಟರಲ್ಲಿ ಹಳೆಯ ಕಟ್ಟಡದ ಜಾಗದ ಮೇಲೆ ಹೊಸ ಕಟ್ಟಡ ಎದ್ದಿತ್ತು. ಅದಾದ ನಾಲ್ಕು ದಿನಕ್ಕೆ ಉತ್ತರ ಕೊರಿಯಾ ಯೋಂಗ್‌ಬ್ಯೋನ್‌ನ ಕೂಲಿಂಗ್ ಟವರನ್ನು ಟಿವಿ ಕ್ಯಾಮೆರಾಗಳ ಮುಂದೆ ಸ್ಫೋಟಿಸಿ ಉರುಳಿಸಿತು. ತಂಡ ತಂದ ಮಣ್ಣು ಮತ್ತಿತರ ಮಾದರಿಗಳಲ್ಲಿ ಗಣನೀಯ ಸಂಖ್ಯೆಯ ಸಹಜ ಯುರೇನಿಯಂ ಕಣಗಳು ಸಿಕ್ಕವು. ಅವು ನೆಲದಲ್ಲಿ ಸಹಜವಾಗಿರುವ ಅದಿರಿನ ಕಣಗಳಾಗಿರದೆ ರಾಸಾಯನಿಕ ಸಂಸ್ಕರಣೆಗೆ ಒಳಗಾದವು. ಇಸ್ರೇಲಿನ ಬಾಂಬುಗಳಿಂದ ಅವು ಬಂದಿರಬೇಕೆಂದು ಸಿರಿಯಾ ವಾದಿಸಿತು. ಅದರ ಸಾಧ್ಯತೆ ಕಡಿಮೆಯೆಂದು ಐಎಇಎ ತಳ್ಳಿಹಾಕಿತು. ಶಸ್ತ್ರಗಳಲ್ಲಿ ಬಳಕೆಯಾಗುವುದು ಸಾಮಾನ್ಯವಾಗಿ ಯುರೇನಿಯಂ-235ರ ಪಾಲು ತಗ್ಗಿಸಿದ ಯುರೇನಿಯಂ. ಇಲ್ಲಿ ಸಿಕ್ಕದ್ದು ಹಾಗಿರಲಿಲ್ಲ. ಅವಶೇಷಗಳಿಂದ ಮತ್ತು ಉಳಿಸಿಕೊಂಡ ಸಾಮಗ್ರಿಗಳಿಂದ ಮಾದರಿ ತೆಗೆಯಲು ಬಿಡಿ ಎಂಬ ಕೋರಿಕೆಗೆ ಸಿರಿಯಾ ಒಪ್ಪಲಿಲ್ಲ, ಎರಡನೇ ಭೇಟಿಗೂ ಅವಕಾಶ ಕೊಡಲಿಲ್ಲ.

2008ರ ನವೆಂಬರಿನ ವರದಿಯಲ್ಲಿ ಚಿತ್ರ ವಿಶ್ಲೇಷಣೆಯ ಎರಡು ಕೊಡುಗೆಗಳು ಕಾಣುತ್ತವೆ. ಮೊದಲನೆಯದು, ಪಂಪಿಂಗ್ ವ್ಯವಸ್ಥೆಯ ಸಾಮರ್ಥ್ಯ ಹೇಳಲಾದ ಗಾತ್ರದ ರಿಯಾಕ್ಟರಿಗೆ ಸಾಕಾಗುವಷ್ಟಿತ್ತು ಎಂಬ ನಿರ್ಣಯ. ಎರಡನೆಯದು ಇನ್ನೂ ತೂಕದ್ದೆಂದು ನನಗನ್ನಿಸುತ್ತದೆ. ಈ ನಿವೇಶನದೊಂದಿಗೆ ನಂಟಿದೆಯೆನ್ನಲಾದ ಬೇರೆ ಮೂರು ಸ್ಥಳಗಳನ್ನು ನೋಡಲು ಐಎಇಎ ಮೇ ತಿಂಗಳಲ್ಲಿ ಅನುಮತಿ ಕೇಳಿತ್ತು. ಕೇಳಿದ ಸ್ವಲ್ಪ ದಿನಗಳಲ್ಲೇ ಆ ಸ್ಥಳಗಳಲ್ಲಿ ನೆಲವನ್ನು ಕೆದಕಿ ಹೊಸದಾಗಿ ಹದಗೊಳಿಸಿದ್ದೂ, ದೊಡ್ಡ ಕಂಟೇನರುಗಳನ್ನು ಸಾಗಿಸಿದ್ದೂ ಉಪಗ್ರಹ ಚಿತ್ರಗಳಲ್ಲಿ ಕಂಡುಬಂತು. ಒಂದು ಚಿತ್ರವಷ್ಟೇ ಇದ್ದಿದ್ದರೆ ಕಾಣುತ್ತಿದ್ದುದು ಸೇನಾ ಆವರಣದೊಳಗಿನ ಮಣ್ಣುಕೆಲಸ. ಕೋರಿಕೆಯ ದಿನಾಂಕದ ಆಚೆಗೊಂದು ಈಚೆಗೊಂದು ಚಿತ್ರವನ್ನು ಜೋಡಿಸಿದಾಗ ಅದೇ ಮಣ್ಣುಕೆಲಸ ಉತ್ತರ ಬಯಸುವ ಪ್ರಶ್ನೆಯಾಗುತ್ತದೆ. ವಿಶ್ಲೇಷಕ ಪತ್ರವ್ಯವಹಾರದ ದಿನಾಂಕಗಳನ್ನೂ ಚಿತ್ರಗಳಷ್ಟೇ ಶ್ರದ್ಧೆಯಿಂದ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ.

2011ರ ಮೇ 24ರ ವರದಿಯಲ್ಲಿ, ಆ ವೇಳೆಗೆ ಮಹಾನಿರ್ದೇಶಕರಾಗಿದ್ದ ಯುಕಿಯಾ ಅಮಾನೊ ಅವರು, ನಾಶವಾದ ಕಟ್ಟಡ ರಿಯಾಕ್ಟರೇ ಆಗಿದ್ದ ಸಾಧ್ಯತೆ ಬಹಳ ಹೆಚ್ಚು, ಅದನ್ನು ಸಿರಿಯಾ ಘೋಷಿಸಬೇಕಾಗಿತ್ತು ಎಂದು ತೀರ್ಮಾನ ಕೊಟ್ಟರು. ಕಟ್ಟಡದ ಗಾತ್ರ ಮತ್ತು ರಚನೆ, ನೀರಿನ ವ್ಯವಸ್ಥೆ, ಯುರೇನಿಯಂ ಕಣಗಳು, ಸಿರಿಯಾ ಕೊಟ್ಟ ವಿವರಣೆಗಳ ಕೊರತೆ ಎಲ್ಲವೂ ಸೇರಿ ಆ ವಾಕ್ಯ ನಿಂತಿತ್ತು. ಯಾವುದೊಂದನ್ನೂ ಒಂಟಿ ಸಾಕ್ಷಿಯಾಗಿ ಮುಂದಿಟ್ಟಿರಲಿಲ್ಲ. ಜೂನ್ 9ರಂದು ಆಡಳಿತ ಮಂಡಳಿ 17 ಮತಗಳಿಂದ ಸಿರಿಯಾ ಒಪ್ಪಂದವನ್ನು ಪಾಲಿಸಿಲ್ಲವೆಂದು ನಿರ್ಣಯಿಸಿ ವಿಷಯವನ್ನು ಭದ್ರತಾ ಮಂಡಳಿಗೆ ಒಪ್ಪಿಸಿತು. 6 ದೇಶಗಳು ವಿರೋಧಿಸಿದವು, 11 ತಟಸ್ಥವಾಗಿದ್ದವು. ಭದ್ರತಾ ಮಂಡಳಿಯಲ್ಲಿ ಯಾವ ಕ್ರಮವೂ ಆಗಲಿಲ್ಲ.

ಹಸಕಾದ ಗಿರಣಿ

ಅದೇ ವರ್ಷದ ನವೆಂಬರ್ ಮೊದಲ ವಾರದಲ್ಲಿ ಇದೇ ದೇಶದ ಇನ್ನೊಂದು ಕಟ್ಟಡ ಸುದ್ದಿಯಾಯಿತು. ಈಶಾನ್ಯ ಸಿರಿಯಾದ ಹಸಕಾ ಪಟ್ಟಣದ ಸಂಕೀರ್ಣವೊಂದರ ವಿನ್ಯಾಸ, ಪರಮಾಣು ತಂತ್ರಜ್ಞಾನವನ್ನು ಗುಟ್ಟಾಗಿ ಮಾರುತ್ತಿದ್ದ ಪಾಕಿಸ್ತಾನದ ಎ. ಕ್ಯೂ. ಖಾನ್ ಜಾಲ ಲಿಬಿಯಾಕ್ಕೆ ಕೊಟ್ಟಿದ್ದ ಯುರೇನಿಯಂ ಸಂವರ್ಧನಾ ಸ್ಥಾವರದ ನಕ್ಷೆಯನ್ನು ಹೋಲುತ್ತದೆಂದು ಸುದ್ದಿಸಂಸ್ಥೆಯೊಂದು ವರದಿ ಮಾಡಿತು. ಮೇಲಿನಿಂದ ನೋಡಿದರೆ ಹೋಲಿಕೆ ನಿಜವಾಗಿಯೂ ಇತ್ತು: ಉದ್ದನೆಯ ದೊಡ್ಡ ಹಾಲ್, ಪಕ್ಕದಲ್ಲಿ ಚಿಕ್ಕ ಕಟ್ಟಡಗಳ ಅದೇ ಬಗೆಯ ಜೋಡಣೆ. ಅಮೆರಿಕದ ಜೆಫ್ರಿ ಲೂಯಿಸ್ ಮತ್ತಿತರ ಸಂಶೋಧಕರು ಮತ್ತು ಜರ್ಮನಿಯ ಪತ್ರಕರ್ತರೊಬ್ಬರು ಅದರ ಇತಿಹಾಸ ಕೆದಕಿದಾಗ ಅದು 1980ರ ದಶಕದಲ್ಲಿ ಜರ್ಮನ್ನರ ನೆರವಿನಿಂದ ಕಟ್ಟಿದ ಹತ್ತಿ ನೂಲಿನ ಗಿರಣಿ ಎಂದು ಗೊತ್ತಾಯಿತು. ಹತ್ತಿ ಬೆಳೆಯುವ ಸೀಮೆಯಲ್ಲಿ ನೂಲಿನ ಗಿರಣಿ ಇರುವುದರಲ್ಲಿ ಅಚ್ಚರಿಯೇನೂ ಇಲ್ಲ.

ಈ ಎರಡು ಕಟ್ಟಡಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಅಲ್ ಕಿಬಾರ್ ಪ್ರಕರಣವನ್ನು ಸರಿಯಾಗಿ ಓದಲಾಗದೆಂದು ನನ್ನ ನಂಬಿಕೆ. ಒಂದು ಕಡೆ ರಿಯಾಕ್ಟರನ್ನು ಏನೂ ಅಲ್ಲದ ಪೆಟ್ಟಿಗೆಯಂತೆ ಮಾಡಲಾಗಿತ್ತು. ಇನ್ನೊಂದು ಕಡೆ ನೂಲಿನ ಗಿರಣಿ ತಾನಾಗಿಯೇ ಸಂವರ್ಧನಾ ಸ್ಥಾವರದಂತೆ ಕಂಡಿತು. ಆಕಾರವನ್ನಷ್ಟೇ ನೆಚ್ಚಿದವರು ಎರಡು ಕಡೆಯೂ ತಪ್ಪುತ್ತಿದ್ದರು. ತಪ್ಪು ಗುರುತಿನ ಬೆಲೆಯನ್ನು ತೆರುವವರು ವರದಿ ಬರೆದವರಲ್ಲ, ಆ ಚಾವಣಿಯ ಕೆಳಗೆ ಪಾಳಿಯಲ್ಲಿ ಕೆಲಸ ಮಾಡುವ ಜನ ಎಂಬುದನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಾಂಬ್ ಹಾಕಲು ಹಿಂಜರಿಯದ ಸರ್ಕಾರಗಳು ಈ ವರದಿಗಳನ್ನು ಓದುತ್ತವೆ.

ಉಳಿದಿರುವ ಕೆಲಸ

2014ರಲ್ಲಿ ಆ ಸೀಮೆ ಇಸ್ಲಾಮಿಕ್ ಸ್ಟೇಟ್ ಉಗ್ರರ ಕೈಗೆ ಹೋಯಿತು, ಪರಿಶೀಲನೆ ವರ್ಷಗಟ್ಟಲೆ ನಿಂತಿತು. ನಂಟಿದೆಯೆನ್ನಲಾದ ಆ ಮೂರು ಸ್ಥಳಗಳಿಗೆ ಐಎಇಎ ಪ್ರವೇಶ ಪಡೆದು ಮಾದರಿ ತೆಗೆದದ್ದು 2024ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಅಸಾದ್ ಆಡಳಿತ ಕುಸಿಯಿತು; 2025ರ ಜೂನ್‌ನಲ್ಲಿ ಮಹಾನಿರ್ದೇಶಕ ರಫೇಲ್ ಗ್ರೊಸ್ಸಿ ಅವರು ಹೊಸ ಅಧ್ಯಕ್ಷ ಅಹ್ಮದ್ ಅಲ್ ಶರಾ ಅವರನ್ನು ಭೇಟಿಯಾದರು. ಮೂರರಲ್ಲಿ ಒಂದು ಸ್ಥಳದ ಮಾದರಿಗಳಲ್ಲಿ ಸಂಸ್ಕರಣೆಗೊಂಡ ಸಹಜ ಯುರೇನಿಯಂ ಕಣಗಳು ಗಣನೀಯ ಸಂಖ್ಯೆಯಲ್ಲಿ ಸಿಕ್ಕಿವೆಯೆಂದು ಐಎಇಎ 2025ರ ಸೆಪ್ಟೆಂಬರಿನಲ್ಲಿ ತಿಳಿಸಿತು. ಅಂದರೆ 2008ರಲ್ಲಿ ಚಿತ್ರಗಳು ತೋರಿಸಿದ್ದ ಮಣ್ಣುಕೆಲಸದ ಪ್ರಶ್ನೆಗೆ ಉತ್ತರದ ಒಂದು ತುಣುಕು ಹದಿನೇಳು ವರ್ಷಗಳ ಮೇಲೆ ಬಂದಿದೆ.

ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ. ಯೋಂಗ್‌ಬ್ಯೋನ್ ಮಾದರಿಯ ರಿಯಾಕ್ಟರಿಗೆ ಒಂದು ಸಲ ತುಂಬಲು ಸುಮಾರು 50 ಟನ್ ಸಹಜ ಯುರೇನಿಯಂ ಲೋಹ ಬೇಕು. ಅಷ್ಟು ಇಂಧನ ಎಲ್ಲಿ ತಯಾರಾಗುತ್ತಿತ್ತು, ತಯಾರಾಗಿದ್ದರೆ ಈಗ ಎಲ್ಲಿದೆ ಎಂಬುದು ಇತ್ಯರ್ಥವಾಗಿಲ್ಲ. ಯುರೇನಿಯಂ ತುಂಬಾ ಸಾಂದ್ರವಾದ ಲೋಹ, 50 ಟನ್ ಎಂದರೂ ಘನ ಅಳತೆಯಲ್ಲಿ ಮೂರು ಘನ ಮೀಟರಿಗಿಂತ ಕಡಿಮೆ. ಒಂದು ಸಣ್ಣ ಕೋಣೆಯಲ್ಲಿ ಹಿಡಿಸುತ್ತದೆ. ನದಿಯ ನೀರು ಬೇಡದ, ಶಾಖ ಹೊಮ್ಮಿಸದ ಆ ವಸ್ತುವನ್ನು ಬರೀ ಚಿತ್ರದಿಂದಲೇ ಹುಡುಕುವುದು ಆಗದ ಮಾತು. ಲೋಹವನ್ನು ತಯಾರಿಸುವ ಘಟಕಕ್ಕಾದರೆ ಆಮ್ಲಗಳ ಟ್ಯಾಂಕು, ಗಾಳಿ ಸೋಸುವ ವ್ಯವಸ್ಥೆ, ತ್ಯಾಜ್ಯದ ಹೊಂಡ ಬೇಕಾಗುತ್ತದೆ. ಈಗ ಈ ಕಡತವನ್ನು ಕೈಗೆತ್ತಿಕೊಳ್ಳುವ ವಿಶ್ಲೇಷಕರು 2003ರಿಂದ 2008ರವರೆಗಿನ ಹಳೆಯ ಚಿತ್ರಗಳಲ್ಲಿ, ಯುರೇನಿಯಂ ಕಣಗಳು ಸಿಕ್ಕ ಆ ಆವರಣದ ಒಂದೊಂದು ಶೆಡ್ಡಿನ ಸುತ್ತಲೂ ಅಂಥ ಗುರುತುಗಳಿವೆಯೇ ಎಂದು ತಿಂಗಳಿಂದ ತಿಂಗಳಿಗೆ ಹೋಲಿಸಿ ನೋಡಬೇಕಾಗಿದೆ.